ಕರೆದವರು ಯಾರು: ಮೊಬೈಲಿನ ಲಾಭ ನಷ್ಟದ ಲೆಕ್ಕ

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಕರೆಂಟ್ ಪಾಳಿಯ ಮೇಲೆ ಬರುತ್ತದೆ. ಕೆಲವು ದಿನ ಹಗಲು, ಕೆಲವು ದಿನ ನಡುರಾತ್ರಿ. ರಾತ್ರಿ ಪಾಳಿ ಬಿದ್ದ ವಾರಗಳಲ್ಲಿ ನನ್ನ ಚಿಕ್ಕಪ್ಪ ಎರಡು ಗಂಟೆಗೆ ಎದ್ದು, ಬ್ಯಾಟರಿ ಹಿಡಿದು, ಬದುವಿನ ಮೇಲೆ ಮುಕ್ಕಾಲು ಕಿಲೋಮೀಟರ್ ನಡೆದು ಹೋಗಿ ಮೋಟಾರ್ ಚಾಲೂ ಮಾಡಿ ಬರುತ್ತಿದ್ದರು. ಅವರು ಮರಳುವವರೆಗೂ ಚಿಕ್ಕಮ್ಮ ಬಾಗಿಲು ತೆರೆದಿಟ್ಟು ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಕತ್ತಲಲ್ಲಿ ನೀರು ಕಟ್ಟಲು ಹೋದವರಿಗೆ ಹಾವು ಕಚ್ಚಿದ ಕಥೆ ನಮ್ಮ ಸೀಮೆಯ ಪ್ರತಿಯೊಂದು ಊರಿನಲ್ಲೂ ಇದೆ.

ಆರು ವರ್ಷಗಳ ಹಿಂದೆ ಅವರು ಸ್ಟಾರ್ಟರ್ ಪೆಟ್ಟಿಗೆಗೆ ಸಿಮ್ ಹಾಕುವ ಉಪಕರಣವೊಂದನ್ನು ಜೋಡಿಸಿದರು. ಮೊಬೈಲ್ ಸ್ಟಾರ್ಟರ್ ಎನ್ನುತ್ತಾರೆ. ಕರೆಂಟ್ ಬಂದ ಕೂಡಲೇ ಆ ಪೆಟ್ಟಿಗೆ ಕರೆ ಮಾಡಿ ಕನ್ನಡದಲ್ಲಿಯೇ ತಿಳಿಸುತ್ತದೆ. ಮಲಗಿದಲ್ಲಿಂದಲೇ ಒಂದು ಗುಂಡಿ ಒತ್ತಿದರೆ ಮೋಟಾರ್ ಓಡುತ್ತದೆ, ಇನ್ನೊಂದು ಒತ್ತಿದರೆ ನಿಲ್ಲುತ್ತದೆ. ಚಿಕ್ಕಮ್ಮನ ರಾತ್ರಿ ಕಾವಲು ಅಲ್ಲಿಗೆ ಮುಗಿಯಿತು. ಮೊಬೈಲಿನಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈಗ ಖಾಲಿ ಇರುವ ಆ ಕಟ್ಟೆ.

ಕಳೆದ ವರ್ಷ ಅದೇ ಮೊಬೈಲಿಗೆ, ಪರಿಚಯದವರ ನಂಬರಿನಿಂದ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಲಗ್ನಪತ್ರಿಕೆ ಬಂತು. ಚಿಕ್ಕಪ್ಪ ಒತ್ತಿದರು. ಪತ್ರಿಕೆ ತೆರೆದುಕೊಳ್ಳಲಿಲ್ಲ, ಏನೇನೋ ಅನುಮತಿ ಕೇಳಿತು, ಕೊಟ್ಟರು. ಮರುದಿನ ಬೆಳಗಾಗುವಷ್ಟರಲ್ಲಿ ಮೆಕ್ಕೆಜೋಳ ಮಾರಿದ ಹಣದಲ್ಲಿ 62 ಸಾವಿರ ರೂಪಾಯಿ ಖಾತೆಯಿಂದ ಹೋಗಿತ್ತು.

ಮೊಬೈಲ್ ಬಳಕೆಯ ಸಾಧಕ ಬಾಧಕಗಳು ಎಂಬ ವಿಷಯದ ಮೇಲೆ ನಮ್ಮ ಶಾಲೆಗಳಲ್ಲಿ ಮಕ್ಕಳಿಂದ ಪ್ರಬಂಧ ಬರೆಸುತ್ತಾರೆ. ಅರ್ಧ ಪುಟ ಅನುಕೂಲ, ಅರ್ಧ ಪುಟ ಅನಾನುಕೂಲ, ಕೊನೆಗೆ ಹಿತಮಿತವಾಗಿ ಬಳಸಬೇಕು ಎಂಬ ಒಂದು ಸಾಲು. ಚಿಕ್ಕಪ್ಪನ ಹಣ ಹೋದ ಮೇಲೆ ಆ ಲೆಕ್ಕ ನನಗೆ ಸಾಲದಾಯಿತು. ಒಂದೇ ಮನುಷ್ಯ, ಒಂದೇ ಉಪಕರಣ. ಒಮ್ಮೆ ಜೀವ ಉಳಿಸುವ ಸಾಧನ, ಇನ್ನೊಮ್ಮೆ ಮನೆಗೆ ಕನ್ನ. ಎರಡರ ನಡುವಿನ ವ್ಯತ್ಯಾಸ ಎಲ್ಲಿದೆ ಎಂದು ಯೋಚಿಸಿದಾಗ ನನಗೆ ಕಂಡದ್ದು ಇಷ್ಟು. ಮೋಟಾರ್ ವಿಷಯದಲ್ಲಿ ಕೆಲಸ ಅವರದು, ಮೊಬೈಲ್ ಆಳು. ಪೆಟ್ಟಿಗೆ ನಡುರಾತ್ರಿ ಕರೆ ಮಾಡಿದರೂ ಅದು ಅವರೇ ಹೇಳಿಟ್ಟ ಕರೆ. ಲಗ್ನಪತ್ರಿಕೆಯ ವಿಷಯದಲ್ಲಿ ಕೆಲಸ ಬೇರೆ ಯಾರದ್ದೋ, ಅದಕ್ಕೆ ಕರೆಸಿಕೊಂಡದ್ದು ಇವರನ್ನು. ನಾವು ಮೊಬೈಲನ್ನು ಕರೆದಾಗ ಬಹುಪಾಲು ಲಾಭ, ಅದು ನಮ್ಮನ್ನು ಕರೆದಾಗ ಬಹುಪಾಲು ನಷ್ಟ. ಈ ಅಳತೆಗೋಲು ಎಲ್ಲ ಕಡೆಯೂ ಸರಿ ಹೊಂದುವುದಿಲ್ಲ, ಆದರೂ ಎರಡು ಪಟ್ಟಿಗಳಿಗಿಂತ ಹೆಚ್ಚು ದೂರ ಕರೆದುಕೊಂಡು ಹೋಗುತ್ತದೆ.

ಈ ದಿಕ್ಕು ಬದಲಾದದ್ದು ಯಾವಾಗ ಎಂಬುದಕ್ಕೆ ಇತಿಹಾಸದಲ್ಲಿ ಸಾಕಷ್ಟು ಸ್ಪಷ್ಟವಾದ ಉತ್ತರವಿದೆ. ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಅಂದಿನ ಮುಖ್ಯಮಂತ್ರಿ ಜ್ಯೋತಿ ಬಸು ಕೇಂದ್ರದ ದೂರಸಂಪರ್ಕ ಸಚಿವ ಸುಖ್‌ರಾಮ್ ಅವರೊಂದಿಗೆ ಮಾತನಾಡಿದರು. ಆಗ ಕರೆ ಮಾಡಿದವರೂ ಹಣ ಕೊಡಬೇಕಿತ್ತು, ಕರೆ ಸ್ವೀಕರಿಸಿದವರೂ ಕೊಡಬೇಕಿತ್ತು. 2003ರಲ್ಲಿ ಒಳಬರುವ ಕರೆ ಉಚಿತವಾಯಿತು. ಅಲ್ಲಿಂದ ಮೊಬೈಲ್ ಗಾರೆ ಕೆಲಸದವರ, ಹಮಾಲರ, ಆಟೊ ಚಾಲಕರ ಜೇಬಿಗೆ ಇಳಿಯಿತು. ದಾವಣಗೆರೆಯ ಗಡಿಯಾರ ಕಂಬದ ಸುತ್ತಲಿನ ಎಸ್‌ಟಿಡಿ ಬೂತ್‌ಗಳು ಒಂದೊಂದಾಗಿ ಮುಚ್ಚಿ ಅಲ್ಲೇ 'ಕರೆನ್ಸಿ' ಹಾಕುವ ಅಂಗಡಿಗಳು ಬಂದವು. ಹತ್ತು ರೂಪಾಯಿಯ ಕರೆನ್ಸಿ ಹಾಕಿಸಿ ಒಂದು ವಾರ ನೂಕಿದ್ದು ನನ್ನ ವಯಸ್ಸಿನವರಿಗೆಲ್ಲ ನೆನಪಿದೆ. ಒಂದು ರಿಂಗ್ ಕೊಟ್ಟರೆ ಬಸ್ ಹತ್ತಿದೆ ಎಂದು, ಎರಡು ಕೊಟ್ಟರೆ ನೀನೇ ಮಾಡು ಎಂದು. ಒಂದು ಪೈಸೆ ಕೊಡದೆ ಮಾತು ಮುಟ್ಟಿಸುವ ಆ ಮಿಸ್ಡ್ ಕಾಲ್ ನಮ್ಮ ಜನ ತಾವೇ ಕಟ್ಟಿಕೊಂಡ ಭಾಷೆ.

ಆ ಕಾಲದಲ್ಲಿ ಕಂಪನಿಗೆ ಆದಾಯ ಬರುತ್ತಿದ್ದುದು ನಾವು ಕರೆ ಮಾಡಿದಾಗ. ಹಣ ಹೋಗುತ್ತದೆಂಬ ಅಳುಕು ನಮ್ಮ ಕೈ ಹಿಡಿಯುತ್ತಿತ್ತು. ಕೆಲಸವಿದ್ದರೆ ಮಾತ್ರ ಮೊಬೈಲ್ ಹೊರಗೆ ಬರುತ್ತಿತ್ತು. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಸೇವೆ ಆರಂಭವಾಗಿ ಡೇಟಾ ದರ ಕುಸಿದ ಮೇಲೆ ಆ ಅಳುಕು ಹೋಯಿತು. ಅದುವರೆಗೆ ಒಂದು ತಿಂಗಳಿಗೆ ಕೊಳ್ಳುತ್ತಿದ್ದಷ್ಟು ಡೇಟಾ ಒಂದೇ ದಿನಕ್ಕೆ ಸಿಗತೊಡಗಿತು. ರಾತ್ರಿ ಹನ್ನೆರಡಕ್ಕೆ ಉಳಿದದ್ದು ವ್ಯರ್ಥವಾಗುತ್ತದೆ ಎಂದು ಮಲಗುವ ಮುನ್ನ ವಿಡಿಯೊ ನೋಡಿ ಮುಗಿಸುವವರನ್ನು ನಾನು ಕಂಡಿದ್ದೇನೆ. ಇನ್ನೊಂದು ಬದಲಾವಣೆ ಕಣ್ಣಿಗೆ ಬೀಳದೆ ನಡೆಯಿತು. ನಮ್ಮ ಕೈಯಲ್ಲಿರುವ ಬಹುತೇಕ ಆ್ಯಪ್‌ಗಳು ನಮ್ಮಿಂದ ಹಣ ಪಡೆಯುವುದಿಲ್ಲ. ನಾವು ನೋಡುವ ಜಾಹೀರಾತಿನಿಂದ ಪಡೆಯುತ್ತವೆ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಅವಕ್ಕೆ ಹೆಚ್ಚು ಆದಾಯ. ಹೀಗಾಗಿ ನಾವು ಕರೆಯುವವರೆಗೆ ಕಾಯುವ ವ್ಯವಧಾನ ಅವಕ್ಕಿಲ್ಲ. ಗಂಟೆಗೆ ಹತ್ತು ಸಲ ಟಿಂಗ್ ಎನ್ನುವ ಮೊಬೈಲಿನ ಹಿಂದೆ ಇರುವುದು ಈ ಲೆಕ್ಕಾಚಾರ. ನಮ್ಮ ಮನೋದೌರ್ಬಲ್ಯವನ್ನಷ್ಟೇ ದೂರುವವರು ಇದನ್ನು ಮರೆಯುತ್ತಾರೆ.

ಲಾಭದ ಕಡೆಯನ್ನೂ ಹೀಗೆಯೇ ಒರೆಗೆ ಹಚ್ಚಬೇಕು. ಅಲ್ಲಿಯೂ ನಾವು ಮಾತು ದೊಡ್ಡದು ಮಾಡಿದ್ದೇವೆ. ರೈತನಿಗೆ ಮೊಬೈಲ್ ಬಂದ ಮೇಲೆ ದಲ್ಲಾಲಿಗಳ ಆಟ ಮುಗಿಯಿತು ಎಂಬ ಮಾತನ್ನು ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇವೆ. ಇದಕ್ಕೆ ಆಧಾರವಾಗಿ ಎಲ್ಲರೂ ಹೇಳುವುದು ಕೇರಳದ ಮೀನುಗಾರರ ಉದಾಹರಣೆ. 1997ರಿಂದ 2001ರ ನಡುವೆ ಉತ್ತರ ಕೇರಳದ ಕರಾವಳಿಗೆ ಮೊಬೈಲ್ ಬಂದಾಗ ಆದ ಬದಲಾವಣೆಯನ್ನು ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ದೋಣಿಯಲ್ಲಿದ್ದಾಗಲೇ ಯಾವ ದಡದಲ್ಲಿ ಯಾವ ಬೆಲೆ ಎಂದು ಕೇಳಿ ಅಲ್ಲಿಗೆ ದೋಣಿ ತಿರುಗಿಸುವುದು ಸಾಧ್ಯವಾಯಿತು. ಮಾರಾಟವಾಗದ ಮೀನನ್ನು ಸಮುದ್ರಕ್ಕೆ ಸುರಿಯುವುದು ನಿಂತಿತು, ಮೀನುಗಾರರ ಲಾಭ ಸರಾಸರಿ ಶೇ 8ರಷ್ಟು ಏರಿತು, ಕೊಳ್ಳುವವರಿಗೂ ಬೆಲೆ ಶೇ 4ರಷ್ಟು ಇಳಿಯಿತು.

ದಾವಣಗೆರೆಯ ಎಪಿಎಂಸಿಗೆ ಮೆಕ್ಕೆಜೋಳ ತರುವ ರೈತನ ಕೈಯಲ್ಲೂ ಮೊಬೈಲಿದೆ. ಹಾವೇರಿ, ರಾಣೆಬೆನ್ನೂರು, ಚಿತ್ರದುರ್ಗದ ಬೆಲೆಗಳು ಅವನಿಗೆ ಬೆಳಿಗ್ಗೆಯೇ ಗೊತ್ತು. ಆದರೆ ಅವನ ದೋಣಿ ತಿರುಗುವುದಿಲ್ಲ. ಬಾಡಿಗೆ ಟ್ರ್ಯಾಕ್ಟರ್ ಹೊರಟಾಗಿದೆ. ಜೋಳದಲ್ಲಿ ತೇವಾಂಶ ಶೇ 14ಕ್ಕಿಂತ ಹೆಚ್ಚಿದೆ, ಒಣಗಿಸಲು ಕಣವಿಲ್ಲದೆ ಡಾಂಬರು ರಸ್ತೆಯ ಮೇಲೆ ಹರಡಿ ಬಂದಿದ್ದಾನೆ. ಬೀಜ ಗೊಬ್ಬರಕ್ಕೆ ಮುಂಗಡ ಕೊಟ್ಟ ಅಂಗಡಿಗೇ ಮಾಲು ಹಾಕುವ ಮಾತಾಗಿದೆ. 2025ರ ಮುಂಗಾರು ಹಂಗಾಮಿನ ಮೆಕ್ಕೆಜೋಳಕ್ಕೆ ಕೇಂದ್ರ ಘೋಷಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. ಕೊಯ್ಲಿನ ಹೊತ್ತಿಗೆ ಮಾರುಕಟ್ಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದು ರೈತರು ಬೀದಿಗಿಳಿದರು. ಎರಡೂ ಅಂಕಿಗಳು ಅವರ ಮೊಬೈಲಿನಲ್ಲಿ ಪಕ್ಕಪಕ್ಕದಲ್ಲೇ ಕಾಣುತ್ತಿದ್ದವು. ಬೆಲೆ ತಿಳಿಯುವುದು ಬೇರೆ, ಬೆಲೆ ಸಿಗುವುದು ಬೇರೆ. ಉಗ್ರಾಣ, ಒಣಗಿಸುವ ಕಣ, ಸಕಾಲಕ್ಕೆ ಸಾಲ, ಖರೀದಿ ಕೇಂದ್ರ ಇಲ್ಲದ ಕಡೆ ಮೊಬೈಲ್ ಕೊಡುವ ಮಾಹಿತಿ ಹೊಟ್ಟೆಯುರಿಯನ್ನಷ್ಟೇ ಹೆಚ್ಚಿಸುತ್ತದೆ. ರೈತರಿಗೆ ಆ್ಯಪ್ ಬಿಡುಗಡೆ ಮಾಡಿ ಕೈ ತೊಳೆದುಕೊಳ್ಳುವ ಸರ್ಕಾರಗಳಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಮೊಬೈಲ್ ಸ್ಟಾರ್ಟರ್‌ನಲ್ಲಿಯೂ ಒಂದು ತೊಡಕಿದೆ. ಎದ್ದು ಹೋಗುವ ಕಷ್ಟವಿದ್ದಾಗ ಮೋಟಾರ್ ಅಗತ್ಯವಿದ್ದಷ್ಟೇ ಓಡುತ್ತಿತ್ತು. ಈಗ ಕರೆಂಟ್ ಇರುವಷ್ಟೂ ಹೊತ್ತು ಓಡಿಸಲು ಕಷ್ಟವೇನಿಲ್ಲ. ಚಿತ್ರದುರ್ಗ ಸೀಮೆ ಮೊದಲೇ ಅಂತರ್ಜಲವನ್ನು ಅತಿಯಾಗಿ ಎತ್ತುವ ಪ್ರದೇಶ. ಚಿಕ್ಕಪ್ಪನ ಜೀವ ಉಳಿಸಿದ ಅನುಕೂಲವೇ ಭೂಮಿಯ ಒಡಲಿನ ನೀರನ್ನು ಬೇಗ ಖಾಲಿ ಮಾಡುತ್ತಿದೆಯೇ ಎಂಬ ಸಂಶಯ ನನ್ನನ್ನು ಬಿಟ್ಟಿಲ್ಲ.

ಹಣ ಪಾವತಿಯ ವಿಷಯಕ್ಕೆ ಬಂದರೆ ಲಾಭ ನಿಸ್ಸಂದೇಹ. ಸಂಜೆ ಮಂಡಕ್ಕಿ ಮೆಣಸಿನಕಾಯಿ ಮಾರುವ ತಳ್ಳುಗಾಡಿಯಲ್ಲಿ, ಬೆಣ್ಣೆ ದೋಸೆಯ ಹೋಟೆಲಿನಲ್ಲಿ ಚಿಲ್ಲರೆಯ ಜಗಳ ನಿಂತು ಹೋಗಿದೆ. ಹಣ ಬಂದದ್ದನ್ನು ಸ್ಪೀಕರ್ ಪೆಟ್ಟಿಗೆ ಕೂಗಿ ಹೇಳುತ್ತದೆ. 2016ರಲ್ಲಿ ಆರಂಭವಾದ ಯುಪಿಐ, 2025ರ ಆಗಸ್ಟ್‌ನಲ್ಲಿ ಮೊದಲ ಬಾರಿಗೆ ಒಂದೇ ತಿಂಗಳಲ್ಲಿ ವಹಿವಾಟುಗಳ ಸಂಖ್ಯೆಯಲ್ಲಿ 2,000 ಕೋಟಿ ದಾಟಿತು. ದಿನದ ಬಡ್ಡಿಗೆ ಸಾಲ ತರುತ್ತಿದ್ದ ಸಣ್ಣ ವ್ಯಾಪಾರಿಗೆ ಬ್ಯಾಂಕಿನ ಮುಂದೆ ತೋರಿಸಲು ಒಂದು ದಾಖಲೆಯೂ ಸಿಕ್ಕಿತು. ಅದೇ ದಾಖಲೆ 2025ರ ಜುಲೈನಲ್ಲಿ ತಿರುಗಿ ಬಿತ್ತು. ಯುಪಿಐ ಮೂಲಕ ಬಂದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತು. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸ್ ಹೋಗಿತ್ತು. ಹಲವು ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು 'ನಗದು ಮಾತ್ರ' ಎಂದು ಫಲಕ ಹಾಕಿದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಸರ್ಕಾರ ಹೇಳಿದ ಮೇಲೆ ಗಲಾಟೆ ತಣ್ಣಗಾಯಿತು. ತೆರಿಗೆ ಕಟ್ಟುವುದು ನ್ಯಾಯವೇ. ಆದರೆ ಮೊಬೈಲ್ ಬಳಸಿದಷ್ಟೂ ನಮ್ಮ ಲೆಕ್ಕಪುಸ್ತಕ ಬೇರೆಯವರ ಮೇಜಿನ ಮೇಲೂ ತೆರೆದಿರುತ್ತದೆ ಎಂಬುದನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ.

ಇಲ್ಲಿ ಇನ್ನೊಂದು ಪ್ರಶ್ನೆ ಎದ್ದು ಬರುತ್ತದೆ: ಮೊಬೈಲ್ ಯಾರ ಕೈಯಲ್ಲಿದೆ? 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ತಾವೇ ಬಳಸುವ ಮೊಬೈಲ್ ಹೊಂದಿದ್ದ ಮಹಿಳೆಯರು ಶೇ 54ರಷ್ಟು ಮಾತ್ರ. ನಮ್ಮ ಊರಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಖಾತೆಗೆ ಬರುತ್ತದೆ, ಬಂದ ಸಂದೇಶ ಮಗನ ಮೊಬೈಲಿಗೆ ಬರುತ್ತದೆ. ಹಣ ಬಂತೇ ಇಲ್ಲವೇ ಎಂದು ತಿಳಿಯಲು ಅವರು ಮಗನ ಮುಖ ನೋಡಬೇಕು. ಮಗ ದುಡಿಯಲು ಬೆಂಗಳೂರಿಗೆ ಹೋಗಿದ್ದರೆ ಒಟಿಪಿಯೂ ಅವನೊಂದಿಗೆ ಬೆಂಗಳೂರಿಗೆ ಹೋಗಿರುತ್ತದೆ. ಗ್ರಾಮ ಒನ್ ಕೇಂದ್ರದ ಮುಂದೆ ನಿಂತು ಆ ಆರು ಅಂಕಿಗಳಿಗಾಗಿ ಮಗನಿಗೆ ಮತ್ತೆ ಮತ್ತೆ ಕರೆ ಮಾಡಿಸುವ ತಾಯಂದಿರನ್ನು ನೋಡಿದರೆ, ಮೊಬೈಲ್ ಬೇಕೇ ಬೇಡವೇ ಎಂಬ ಚರ್ಚೆಯೇ ಹಗುರವೆನಿಸುತ್ತದೆ. ಬೆಳೆ ಪರಿಹಾರ, ಪಿಂಚಣಿ, ವಿದ್ಯಾರ್ಥಿವೇತನದಂಥ ಹಲವು ಕೆಲಸಗಳಿಗೆ ಆಧಾರ್‌ಗೆ ಜೋಡಿಸಿದ ನಂಬರ್ ಬೇಕು. ಬೇಡವೆಂದವರಿಗೂ ಅದು ಬೇಕಾಗಿದೆ.

ಆ ನಂಬರನ್ನು ಉಳಿಸಿಕೊಳ್ಳಲು ತಿಂಗಳು ತಿಂಗಳು ರೀಚಾರ್ಜ್ ಮಾಡಿಸಬೇಕು. 2024ರ ಜುಲೈನಲ್ಲಿ ದರ ಏರಿದಾಗ ಹೆಚ್ಚು ಪೆಟ್ಟು ತಿಂದವರು ಕೀಪ್ಯಾಡ್ ಮೊಬೈಲಿನ ಅಜ್ಜ ಅಜ್ಜಿಯರು. ಎಂದೂ ಬಳಸದ ಡೇಟಾಕ್ಕೂ ಸೇರಿಸಿ ಹಣ ಕೊಡುತ್ತಿದ್ದರು. ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2024ರ ಡಿಸೆಂಬರ್‌ನಲ್ಲಿ ನಿಯಮ ಮಾಡಿದೆ. ಈ ಪ್ಯಾಕ್‌ಗಳಿವೆ ಎಂದು ಅಂಗಡಿಯವರು ತಾವಾಗಿ ಹೇಳುವುದು ಅಪರೂಪ. ಕೇಳಿ ಹಾಕಿಸಿಕೊಳ್ಳಬೇಕು.

ಮಕ್ಕಳ ವಿಷಯದಲ್ಲಿ ನನಗೆ ಆತಂಕ ಹೆಚ್ಚು, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಎರಡು ವರ್ಷದೊಳಗಿನ ಎಳೆಯ ಮಕ್ಕಳು ಊಟ ಮಾಡಲಿ ಎಂದು ಮುಂದೆ ಮೊಬೈಲ್ ಹಿಡಿಯದ ಮನೆ ಈಗ ದಾವಣಗೆರೆಯ ವಿದ್ಯಾನಗರದಲ್ಲೂ ಇಲ್ಲ, ನಮ್ಮ ಹಳ್ಳಿಯಲ್ಲೂ ಇಲ್ಲ ಎನ್ನುವಂತಾಗಿದೆ. ಒಂದು ವರ್ಷದ ಮಗು ಕೂತು ಪರದೆ ನೋಡುವುದು ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಇದಕ್ಕೆ ಕಾರಣ ಪರದೆಯಿಂದ ಏನೋ ವಿಷ ಹೊಮ್ಮುತ್ತದೆ ಎಂಬುದಲ್ಲ. ಮಗು ಮಾತು ಕಲಿಯುವುದು ತನ್ನ ತೊದಲಿಗೆ ಇನ್ನೊಬ್ಬರು ಉತ್ತರ ಕೊಟ್ಟಾಗ. ಮೊಬೈಲಿನ ಹಾಡು ಮಗುವಿನ ತೊದಲಿಗೆ ಕಾಯುವುದಿಲ್ಲ. ತುತ್ತು ಕೊಡುವಾಗ ಗುಬ್ಬಿ, ಚಂದಮಾಮ ತೋರಿಸಿ ಆಡುತ್ತಿದ್ದ ಮಾತುಗಳು ಮಗುವಿನ ಪಾಲಿನ ಮೊದಲ ಪಾಠಶಾಲೆಯಾಗಿದ್ದವು. ಮೊಬೈಲ್ ಕಸಿದದ್ದು ಅದನ್ನು.

ಸ್ವಲ್ಪ ದೊಡ್ಡ ಮಕ್ಕಳಲ್ಲಿ ಸಮಸ್ಯೆ ಬೇರೆ. ರೀಲ್ಸ್‌ಗೆ ಕೊನೆಯ ಪುಟವಿಲ್ಲ. ಪುಸ್ತಕದ ಅಧ್ಯಾಯ ಮುಗಿಯುತ್ತದೆ, ಸಿನಿಮಾ ಮುಗಿಯುತ್ತದೆ, ಇಲ್ಲಿ ನಿಲ್ಲಿಸಲು ಒಂದು ತಾಣವೇ ಇಲ್ಲದಂತೆ ಮಾಡಿದ್ದಾರೆ. ಹತ್ತರಲ್ಲಿ ಒಂಬತ್ತು ಸಪ್ಪೆ, ಒಂದು ಮಜಾ; ಆ ಒಂದು ಯಾವಾಗ ಬರುತ್ತದೆಂದು ಗೊತ್ತಿಲ್ಲದಿರುವುದೇ ಬೆರಳನ್ನು ಓಡಿಸುತ್ತದೆ. ಜೂಜಿನ ಕಟ್ಟೆಯಲ್ಲಿ ಕೂತವನು ಇನ್ನೊಂದು ಆಟ ಎನ್ನುವುದೂ ಇದಕ್ಕೇ. ದೊಡ್ಡವರೇ ಇದರಲ್ಲಿ ಸಿಕ್ಕಿಬೀಳುವಾಗ ಹದಿಮೂರರ ಹುಡುಗನಿಗೆ ಸ್ವನಿಯಂತ್ರಣದ ಉಪದೇಶ ಮಾಡುವುದು ಅನ್ಯಾಯ. ಹಳ್ಳಿ ಮಕ್ಕಳ ಕಲಿಕೆಯನ್ನು ಅಳೆಯುವ ಅಸರ್ ಸಮೀಕ್ಷೆಯ 2024ರ ವರದಿಯಲ್ಲಿ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತಿತ್ತು. ಅವರಲ್ಲಿ ಹಿಂದಿನ ವಾರ ಕಲಿಕೆಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ದಾವಣಗೆರೆಯಂಥ ವಿದ್ಯಾಕೇಂದ್ರದಲ್ಲಿ ಇದಕ್ಕೆ ಒಂದು ವಿಶೇಷ ತಿರುವಿದೆ. ನನ್ನ ಅಕ್ಕನ ಮಗಳು ಓದುವ ಶಾಲೆ ಮನೆಗೆಲಸವನ್ನು ರಾತ್ರಿ ಎಂಟು ಗಂಟೆಗೆ ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತದೆ. ಮೊಬೈಲ್ ಕೊಡದಿದ್ದರೆ ಮನೆಗೆಲಸವಿಲ್ಲ, ಕೊಟ್ಟರೆ ಒಂಬತ್ತೂವರೆಯಾದರೂ ಅದು ಮರಳಿ ಬರುವುದಿಲ್ಲ. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿನಲ್ಲಿ ಮೊಬೈಲ್ ದುರ್ಬಳಕೆಯ ಬಗ್ಗೆ ಭಾಷಣ ಮಾಡಿಸುವುದೂ ಅದೇ ಶಾಲೆ. ಮನೆಗೆಲಸವನ್ನು ತರಗತಿಯ ಕಪ್ಪು ಹಲಗೆಯ ಮೇಲೆ ಬರೆದು ಡೈರಿಯಲ್ಲಿ ಇಳಿಸಿಕೊಳ್ಳಲು ಹೇಳಿದರೆ ಐದು ನಿಮಿಷ ಹಿಡಿಯುತ್ತದೆ. ಪೋಷಕರ ಸಭೆಗಳಲ್ಲಿ ನಾವು ಕೇಳಬೇಕಾದ ಮೊದಲ ಬೇಡಿಕೆ ಇದು ಎಂದು ನನಗೆ ಅನಿಸುತ್ತದೆ. ಚಟ ಕೈಮೀರಿದ ಮಕ್ಕಳಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಿಂದ ಪ್ರತ್ಯೇಕ ಚಿಕಿತ್ಸಾಲಯ ನಡೆಸುತ್ತಿದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ 14416ಕ್ಕೆ ಕನ್ನಡದಲ್ಲಿಯೇ ಕರೆ ಮಾಡಬಹುದು.

ಹುಡುಗರು ಕಾಲೇಜಿಗೆ ಬಂದ ಮೇಲೆ ಇನ್ನೊಂದು ಬಲೆ ಕಾದಿರುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತ್ತು, ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ಆ ಕಾನೂನಿನ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಇಡೀ ದೇಶಕ್ಕೆ ನಿಷೇಧದ ಕಾನೂನು ತಂದಿತು. ಐಪಿಎಲ್ ಕಾಲದಲ್ಲಿ ಸಾಲ ಮಾಡಿಕೊಂಡು ಊರು ಬಿಟ್ಟ ಹುಡುಗರ ಮನೆಗಳನ್ನು ಬಲ್ಲ ನಾನು ಈ ಕಾನೂನನ್ನು ಪೂರ್ತಿ ಮನಸ್ಸಿನಿಂದ ಸ್ವಾಗತಿಸುತ್ತೇನೆ.

ಇನ್ನು ವಂಚನೆ. 2024ರಲ್ಲಿ ದೇಶದ ಜನ ಸೈಬರ್ ವಂಚಕರಿಗೆ ಕಳೆದುಕೊಂಡದ್ದು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತು. ಅದರ ಹಿಂದಿನ ವರ್ಷ 7,465 ಕೋಟಿ. ಚಿಕ್ಕಪ್ಪನಿಗೆ ಬಂದ ಲಗ್ನಪತ್ರಿಕೆ ಪತ್ರಿಕೆಯಾಗಿರಲಿಲ್ಲ, ಹೆಸರಿನ ಕೊನೆಯಲ್ಲಿ ಎಪಿಕೆ ಎಂಬ ಅಕ್ಷರಗಳಿದ್ದ ಒಂದು ಆ್ಯಪ್. ಅನುಮತಿ ಕೊಟ್ಟ ಕೂಡಲೇ ಅದು ಮೊಬೈಲಿಗೆ ಬರುವ ಎಸ್‌ಎಂಎಸ್‌ಗಳನ್ನು ಓದಿ ಒಟಿಪಿಯನ್ನು ದೂರದ ಕಳ್ಳನಿಗೆ ರವಾನಿಸುತ್ತದೆ, ಅದೇ ಪತ್ರಿಕೆಯನ್ನು ಮೊಬೈಲಿನಲ್ಲಿರುವ ಎಲ್ಲ ನಂಬರುಗಳಿಗೂ ಕಳಿಸುತ್ತದೆ. ಪರಿಚಯದವರ ಹೆಸರಿನಲ್ಲಿ ಬರುವುದು ಇದಕ್ಕೇ. ಅವರು ಚಿಕ್ಕಪ್ಪನಿಗಿಂತ ಒಂದು ದಿನ ಮೊದಲು ಮೋಸ ಹೋದವರು. ಸಂಚಾರ ದಂಡದ ಚಲನ್, ಪಿಎಂ ಕಿಸಾನ್ ಹಣ ಎಂದು ವೇಷ ಬದಲಿಸಿಕೊಂಡೂ ಇದು ಬರುತ್ತದೆ. ಪ್ಲೇಸ್ಟೋರ್ ಬಿಟ್ಟು ಸಂದೇಶದ ಮೂಲಕ ಬಂದ ಯಾವ ಆ್ಯಪನ್ನೂ ಹಾಕಿಕೊಳ್ಳಬಾರದು. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ವಿಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೋರಿಸಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿದರೆ ಕರೆ ಕಡಿದುಬಿಡಬೇಕು. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ.

ಚಿಕ್ಕಪ್ಪ ಎರಡು ದಿನ ಯಾರಿಗೂ ಹೇಳಲಿಲ್ಲ. ಓದಿದ ಮಕ್ಕಳು ಬೈಯುತ್ತಾರೆ, ಊರಿನಲ್ಲಿ ನಗುತ್ತಾರೆ ಎಂಬ ಸಂಕೋಚ. ಅವರಿಗೆ ಹಣಕ್ಕಿಂತ ಹೆಚ್ಚಿನ ನಷ್ಟ ಮಾಡಿದ್ದು ಆ ಎರಡು ದಿನ. ಕದ್ದ ಹಣ ಮೊದಲು ಕಳ್ಳರು ಬೇರೆಯವರಿಂದ ಬಾಡಿಗೆಗೆ ಪಡೆದ ಒಂದು ಖಾತೆಗೆ ಹೋಗಿ, ಅಲ್ಲಿಂದ ಒಡೆದು ಹತ್ತಾರು ಖಾತೆಗಳಿಗೆ ಹರಿದು, ಕೊನೆಗೆ ಎಟಿಎಂನಿಂದ ನಗದಾಗಿ ಹೊರಬರುತ್ತದೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಬೇಗ ಕರೆ ಮಾಡಿದರೆ ಹಣ ಇನ್ನೂ ಯಾವುದಾದರೂ ಖಾತೆಯಲ್ಲಿರುವಾಗಲೇ ಆ ಬ್ಯಾಂಕ್ ಅದನ್ನು ತಡೆಹಿಡಿಯಬಹುದು. ಮೊದಲ ಗಂಟೆಯಲ್ಲಿ ಆಸೆಯಿದೆ, ಮೂರನೆಯ ದಿನ ಹೆಚ್ಚೇನೂ ಉಳಿದಿರುವುದಿಲ್ಲ. ಮೋಸ ಹೋದವರನ್ನು ದಡ್ಡರೆಂದು ನಗುವ ನಮ್ಮ ಅಭ್ಯಾಸ ಕಳ್ಳನಿಗೆ ಕೊಟ್ಟ ಹೆಚ್ಚುವರಿ ಸಮಯ. ನಾನೂ ಮೊದಲು ಕೇಳಿದ್ದು 'ಯಾಕೆ ಒತ್ತಿದಿರಿ ಚಿಕ್ಕಪ್ಪ?' ಎಂದು. ಅವರು ನೆಲ ನೋಡಿದರು. ಆ ಪ್ರಶ್ನೆಯನ್ನು ನುಂಗಿಕೊಂಡು ಮೊದಲು 1930 ಒತ್ತಬೇಕಿತ್ತು ಎಂಬ ನೋವು ನನ್ನಲ್ಲಿ ಉಳಿದಿದೆ.

ಭಯಪಡಬೇಕಾದ ಕಡೆ ಭಯಪಡದ ನಾವು ಬೇಡದ ಕಡೆ ಬೆವರುತ್ತೇವೆ. ಮೊಬೈಲ್ ವಿಕಿರಣದಿಂದ ಕ್ಯಾನ್ಸರ್ ಬರುತ್ತದೆ ಎಂಬ ಮಾತು ಅಂಥದ್ದು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಅಲೆಗಳನ್ನು 'ಸಾಧ್ಯತೆ ಇರಬಹುದು' ಎಂಬ ವರ್ಗಕ್ಕೆ ಸೇರಿಸಿತ್ತು. ಆಮೇಲಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ಅದೇ ಸಂಸ್ಥೆ ಮಾಡಿಸಿದ ಪರಿಶೀಲನೆ 2024ರಲ್ಲಿ ಬಂದಾಗ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ಸಂಬಂಧ ಕಾಣಲಿಲ್ಲ. ಟವರ್‌ಗಳಿಗೆ ಭಾರತ ಇಟ್ಟಿರುವ ಮಿತಿ 2012ರಿಂದಲೂ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗ. ಟವರ್‌ನಿಂದ ಗುಬ್ಬಚ್ಚಿಗಳು ನಾಶವಾದವು ಎಂದು ಪ್ರತಿ ಪ್ರಬಂಧದಲ್ಲೂ ಬರೆಸುತ್ತಾರೆ, ಅದಕ್ಕೂ ಗಟ್ಟಿ ಆಧಾರವಿಲ್ಲ. ಹೆಂಚಿನ ಸೂರು ಹೋಗಿ ಗೂಡಿಗೆ ಜಾಗವಿಲ್ಲದಿರುವುದು, ಮರಿಗಳಿಗೆ ಹುಳ ಸಿಗದಿರುವುದು ಹೆಚ್ಚು ನಂಬಬಹುದಾದ ಕಾರಣಗಳು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಹಿರಿಯೂರಿನಿಂದ ಹರಿಹರದವರೆಗೆ ಒಂದು ಸಲ ಹೋಗಿ ಬಂದರೆ ನಿಜವಾದ ಅಪಾಯ ಕಾಣುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಬೈಕ್ ಸವಾರ ಒಂದು ಸಂದೇಶ ಓದಲು ಐದು ಸೆಕೆಂಡ್ ಕಣ್ಣು ಕೆಳಗಿಳಿಸಿದರೆ ಅಷ್ಟರಲ್ಲಿ 83 ಮೀಟರ್ ಕುರುಡಾಗಿ ಸಾಗಿರುತ್ತಾನೆ. ಹೆಲ್ಮೆಟ್ಟಿನೊಳಗೆ ಮೊಬೈಲ್ ತುರುಕಿಕೊಂಡು ಹೋಗುವವರನ್ನು ನಾನು ದಿನವೂ ನೋಡುತ್ತೇನೆ.

ಚಿಕ್ಕಪ್ಪನ ಹಣ ಬರಲಿಲ್ಲ. ಅವರು ಮೊಬೈಲ್ ಬಿಡಲೂ ಇಲ್ಲ, ಬಿಟ್ಟರೆ ಮತ್ತೆ ಚಿಕ್ಕಮ್ಮ ಕಟ್ಟೆಯ ಮೇಲೆ ಕೂರಬೇಕು. ಅವರು ಮಾಡಿದ್ದು ಬೇರೆ. ಬ್ಯಾಂಕಿಗೂ ಆಧಾರ್‌ಗೂ ಮೋಟಾರಿಗೂ ಜೋಡಿಸಿದ ಸಿಮ್ ತೆಗೆದು ಒಂದು ಕೀಪ್ಯಾಡ್ ಮೊಬೈಲಿಗೆ ಹಾಕಿದರು. ಅದರಲ್ಲಿ ಎಪಿಕೆ ಇಳಿಯುವುದಿಲ್ಲ, ಒಟಿಪಿ ಬಂದರೆ ಅವರ ಕಣ್ಣಿಗೆ ಮಾತ್ರ. ಕರೆಯನ್ನೇ ಬೇರೆ ನಂಬರಿಗೆ ತಿರುಗಿಸುವ ಮೋಸ ಅದರಲ್ಲೂ ನಡೆಯಬಹುದು, ಹಾಗಾಗಿ ಯಾರು ಹೇಳಿದರೂ ನಕ್ಷತ್ರ ಗುರುತಿನಿಂದ ಶುರುವಾಗುವ ಸಂಖ್ಯೆಯನ್ನು ಒತ್ತಬೇಡಿ ಎಂದು ಹೇಳಿಟ್ಟಿದ್ದೇನೆ. ವಾಟ್ಸ್‌ಆ್ಯಪ್ ಇರುವ ದೊಡ್ಡ ಮೊಬೈಲಿಗೆ ಬೇರೆ ಸಿಮ್. ಅದು ಸಂಜೆ ಏಳರ ನಂತರ ಗೋಡೆಯ ಗೂಡಿನಲ್ಲಿರುತ್ತದೆ.

ಹೋದ ತಿಂಗಳು ನಮ್ಮ ಮನೆಯ ಗೃಹಪ್ರವೇಶದ ಪತ್ರಿಕೆಯನ್ನು ಎಲ್ಲರಿಗೂ ಮೊಬೈಲಿನಲ್ಲಿ ಕಳಿಸಿದೆ. ಐದು ನಿಮಿಷದಲ್ಲಿ ಚಿಕ್ಕಪ್ಪನ ಕೀಪ್ಯಾಡ್ ನಂಬರಿನಿಂದ ಕರೆ ಬಂತು.

"ತಮ್ಮಾ, ಇದನ್ನು ಕಳಿಸಿದವನು ನೀನೇನಾ?"

ಹೌದೆಂದೆ.

"ಹಾಗಾದರೆ ಬಾಯಲ್ಲೇ ಹೇಳು. ಯಾವತ್ತು, ಎಷ್ಟು ಗಂಟೆಗೆ?"